ಎಣಿಸಿದ ಊರು, ಬರೆದ ಊರು

ಇಂಥ ಅನುಭವಗಳನ್ನು ಬರೆಯುವವರ ಮೇಲೆ ನನಗೆ ಎಂದೂ ಅಷ್ಟಾಗಿ ವಿಶ್ವಾಸವಿರಲಿಲ್ಲ. ಯಾರಾದರೂ ‘ಕಣ್ಣಾರೆ ಕಂಡೆ’ ಎಂದು ಶುರು ಮಾಡಿದರೆ ಅವರ ಕಣ್ಣಿನ ಬಗ್ಗೆಯೇ ಸಂಶಯ ಬರುತ್ತಿತ್ತು. ನಮ್ಮ ಓಣಿಯಲ್ಲಿ ಮೈಮೇಲೆ ದೇವರು ಬರುವ ಹೆಂಗಸೊಬ್ಬಳಿದ್ದಳು. ಹತ್ತು ವರ್ಷದವನಿದ್ದಾಗ ಅವಳಿಗೆ ಹದಿನೇಳರ ಮಗ್ಗಿ ಕೇಳಿ ಅಪ್ಪನ ಕೈಲಿ ಪೆಟ್ಟು ತಿಂದಿದ್ದೆ. ಎಲ್ಲ ಗೊತ್ತಿರುವ ದೇವರಿಗೆ ಹದಿನೇಳೊಂಬತ್ತಲೆ ಎಷ್ಟೆಂಬುದೂ ಗೊತ್ತಿರಬೇಕಲ್ಲ ಎಂಬುದು ನನ್ನ ವಾದವಾಗಿತ್ತು. ಆ ವಾದವನ್ನು ಈಗಲೂ ಬಿಟ್ಟಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿರುವುದನ್ನು ನೀವು ನಂಬಲೇಬೇಕೆಂದು ಒತ್ತಾಯ ಮಾಡಲಾರೆ. ಯಾರ ಮುಂದೂ ಹೇಳುವುದಿಲ್ಲವೆಂದು ಒಬ್ಬರಿಗೆ ಮಾತು ಕೊಟ್ಟಿದ್ದೆ. ಅವರು ತೀರಿಕೊಂಡು ಬಹಳ ವರ್ಷವಾಯಿತು. ನನಗೂ ವಯಸ್ಸಾಯಿತು. ಇನ್ನು ಹೇಳಿದರೆ ಯಾರಿಗೂ ತೊಂದರೆಯಿಲ್ಲ.

ನಾವಾಗ ಮುಂಬಯಿ ರಾಜ್ಯದಲ್ಲಿದ್ದೆವು. ಜಮಖಂಡಿಯ ಮತ್ತು ಮುಧೋಳದ ಸಂಸ್ಥಾನಗಳು ಮುಗಿದು ಮೂರು ವರ್ಷವಾಗಿತ್ತಷ್ಟೆ. ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಜನಗಣತಿ ನಡೆಯಿತು. ನಮ್ಮ ಕಡೆ ಹಿರಿಯರು ಅದನ್ನು ಖಾನೇಸುಮಾರಿ ಎನ್ನುತ್ತಿದ್ದರು. ನಾನು ಬನಹಟ್ಟಿಯ ನೇಕಾರರ ಮನೆಯವನು, ಮ್ಯಾಟ್ರಿಕ್ ಮುಗಿಸಿ ಕೆಲಸ ಹುಡುಕುತ್ತಿದ್ದವನು. ಜನಗಣತಿಗಾಗಿ ಜಮಖಂಡಿಯ ಕಚೇರಿಯಲ್ಲಿ ಕೆಲವು ತಿಂಗಳ ಮಟ್ಟಿಗೆ ಗುಮಾಸ್ತನಾಗಿ ಸೇರಿದೆ. ಸುತ್ತಲಿನ ಹಳ್ಳಿಗಳಿಂದ ಬಂದ ಜನಸಂಖ್ಯೆಯ ಮೊತ್ತಗಳನ್ನು ದೊಡ್ಡ ಹಾಳೆಯ ಮೇಲೆ ಶುದ್ಧವಾಗಿ ನಕಲು ಮಾಡುವುದು ನನ್ನ ಕೆಲಸ. ಎಣಿಸುವವರು ಒಬ್ಬೊಬ್ಬ ಮನುಷ್ಯನಿಗೆ ಒಂದೊಂದು ಚೀಟಿ ಬರೆಯುತ್ತಿದ್ದರು. ಹೆಚ್ಚಿನವರು ಪ್ರಾಥಮಿಕ ಶಾಲೆಯ ಮಾಸ್ತರರು. ಮಾರ್ಚ್ ಒಂದರ ಸೂರ್ಯೋದಯಕ್ಕೆ ಜೀವಂತ ಇದ್ದವರೆಲ್ಲ ಲೆಕ್ಕಕ್ಕೆ ಬರಬೇಕು, ಅದಕ್ಕಿಂತ ಮೊದಲು ಸತ್ತವರ ಚೀಟಿ ತೆಗೆದುಹಾಕಬೇಕು ಎಂಬುದು ನಿಯಮ.

ಕೆಲಸ ಬೇಸರದ್ದೇ. ಆದರೆ ನಾಲ್ಕೈದು ದಿನದಲ್ಲಿ ಒಂದು ಸಣ್ಣ ವಿಚಿತ್ರ ನನ್ನ ಕೈಗೆ ತಾಗಿತು. ಕೈಗೆ ಎಂದೇ ಹೇಳಬೇಕು, ಯಾಕೆಂದರೆ ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಯಿತು. ಊರುಗಳ ಸಂಖ್ಯೆ ಬರೆಯುವಾಗ ನನ್ನ ಟಾಕು, ಮಸಿಯಲ್ಲಿ ಅದ್ದಿ ಬರೆಯುವ ಲೇಖನಿ, ಬಹಳ ಸಲ ಒಂದು ಎಂಬ ಅಂಕಿಯಿಂದಲೇ ಶುರು ಮಾಡುತ್ತಿತ್ತು. ನೂರಾ ಚಿಲ್ಲರೆ, ಸಾವಿರದ ಚಿಲ್ಲರೆ, ಹತ್ತು ಸಾವಿರದ ಚಿಲ್ಲರೆ, ಊರು ಯಾವ ಗಾತ್ರದ್ದೇ ಇರಲಿ, ಮೊದಲಿಗೆ ಒಂದು ಬರುವ ಊರುಗಳೇ ಹೆಚ್ಚು. ಎರಡರಿಂದ ಶುರುವಾಗುವವು ಅದಕ್ಕಿಂತ ಕಡಿಮೆ, ಮೂರರವು ಇನ್ನೂ ಕಡಿಮೆ. ಒಂಬತ್ತರಿಂದ ಶುರುವಾಗುವ ಊರನ್ನು ಹುಡುಕಬೇಕಾಗುತ್ತಿತ್ತು. ಇದು ಜಮಖಂಡಿ ಕಡೆಯ ಹಳ್ಳಿಗಳ ಗುಣವಿರಬೇಕೆಂದು ಮುಧೋಳದ ಕಡೆಯ ಪಟ್ಟಿ ತೆಗೆದು ನೋಡಿದೆ. ಅಲ್ಲಿಯೂ ಹಾಗೆಯೇ. ಬೀಳಗಿಯ ಕಡೆಯದನ್ನು ನೋಡಿದೆ. ಅಲ್ಲಿಯೂ ಹಾಗೆಯೇ. ಒಂದರಿಂದ ಒಂಬತ್ತರ ತನಕ ಅಂಕಿಗಳಿರುವಾಗ ಎಲ್ಲಕ್ಕೂ ಸರಿಸಮ ಪಾಲು ಸಿಗಬೇಕಲ್ಲ? ಹಿರಿಯ ಗುಮಾಸ್ತರಿಗೆ ಹೇಳಿದೆ. ಅವರು ಕನ್ನಡಕದ ಮೇಲಿನಿಂದ ನೋಡಿ, “ಛಲೋ ಆತು. ಒಂದು ಬರಿಯೂದು ಹಗುರ. ಲಗೂ ಮುಗಸು,” ಎಂದರು.

ಮುಗಿಸಲು ಅವಸರವಿತ್ತು. ಹಾಗಾಗಿ ಶನಿವಾರ ಬನಹಟ್ಟಿಗೆ ಹೋಗುವಾಗ ಮೊತ್ತಗಳ ಹಾಳೆಗಳನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಹಾಗೆ ಒಯ್ಯುವುದು ತಪ್ಪು, ಒಪ್ಪುತ್ತೇನೆ. ನಮ್ಮ ಮನೆಯಲ್ಲಿ ಎರಡು ಮಗ್ಗ. ಅಪ್ಪ ಮತ್ತು ಅಣ್ಣ ಕೂತರೆಂದರೆ ಮಾತು ಕೇಳಿಸುತ್ತಿರಲಿಲ್ಲ. ಆದ್ದರಿಂದ ರವಿವಾರ ಊಟವಾದ ಮೇಲೆ ಪಕ್ಕದ ಮನೆಯ ನೀಲವ್ವನ ಕಟ್ಟೆಗೆ ಹೋಗಿ ಕುಳಿತೆ.

ನೀಲವ್ವ ಒಂಟಿ ಹೆಂಗಸು. ಆಗಲೇ ಎಪ್ಪತ್ತರ ಹತ್ತಿರ. ಓಣಿಯ ಮಗ್ಗಗಳಿಗೆ ಕಂಡಿಕೆ ಸುತ್ತಿಕೊಡುತ್ತಿದ್ದಳು. ಕಂಡಿಕೆ ಎಂದರೆ ಲಾಳಿಯೊಳಗೆ ಕೂರಿಸುವ ನೂಲಿನ ಸಣ್ಣ ಕೊಳವೆ. ಬಲಗೈಯಲ್ಲಿ ರಾಟೆ ತಿರುಗಿಸುತ್ತ, ಎಡಗೈ ಬೆರಳುಗಳ ನಡುವೆ ಎಳೆ ಹಿಡಿದು ದಿನವಿಡೀ ಕೂತಿರುತ್ತಿದ್ದಳು. ಓದು ಬರಹ ಇಲ್ಲ. ಇಪ್ಪತ್ತರ ತನಕ ಎಣಿಸಿ, ಮತ್ತೆ ಒಂದರಿಂದ ಶುರು ಮಾಡುವುದು ಅವಳ ಪದ್ಧತಿ. ರಬಕವಿ ಬನಹಟ್ಟಿ ಬಿಟ್ಟರೆ ಮಹಾಲಿಂಗಪುರ ನೋಡಿದ್ದಳು, ಅಷ್ಟೆ. ದೇವರು ದಿಂಡರೆಂದು ಅತಿಯಾಗಿ ಮಾಡುವವಳೂ ಅಲ್ಲ. ಮಾತು ಕಡಿಮೆ, ಆಡಿದರೆ ಖಾರ.

ನನಗೆ ನಕಲು ಮಾಡುವಾಗ ಗಟ್ಟಿಯಾಗಿ ಓದಿಕೊಳ್ಳುವ ಅಭ್ಯಾಸ. ಊರ ಹೆಸರು ಬಿಟ್ಟು ಬರೀ ಸಂಖ್ಯೆ ಓದುವುದು, ಬರೆಯುವುದು. ಒಂದು ತಾಸು ಹೀಗೆ ನಡೆದಿರಬೇಕು. ಪಕ್ಕದಲ್ಲಿ ರಾಟೆಯ ಗುಂಯ್ ಸದ್ದು ನಿಂತಿತು. ನಾನು ತಲೆ ಎತ್ತಿ ನೋಡಿದೆ.

“ಯಾಕ ಆಯಿ, ಎಳಿ ಹರೀತೇನು?”

“ಇಲ್ಲ. ನೀ ಈಗ ಓದಿದೆಲ್ಲ, ಅದೇನು?”

“ಒಂದ ಊರಿನ ಜನ.”

“ಎಣಿಸ್ಯಾರೇನು ಅವರನ್ನ?”

“ಎಣಿಸದನ ಬರೀತಾರೇನು?”

“ಬರದಾರ. ಎಣಿಸಿಲ್ಲ,” ಎಂದಳು. ರಾಟೆ ಮತ್ತೆ ತಿರುಗಿತು.

ನಾನು ನಕ್ಕು ಮುಂದಿನ ಸಂಖ್ಯೆ ಓದಿದೆ. ರಾಟೆ ನಿಂತಿತು. ಅದರ ಮುಂದಿನದಕ್ಕೆ ನಿಲ್ಲಲಿಲ್ಲ. ಆಮೇಲಿನ ಮೂರಕ್ಕೆ ಮೂರು ಸಲ ನಿಂತಿತು. ಒಂದು ಸಲವೂ ಅವಳು ನನ್ನ ಕಡೆ ನೋಡಲಿಲ್ಲ. ಕೈ ನಿಲ್ಲುತ್ತಿತ್ತು, ಒಂದು ಉಸಿರಿನಷ್ಟು ಹೊತ್ತು, ಆಮೇಲೆ ಮುಂದುವರಿಯುತ್ತಿತ್ತು. ಅದಾದ ಮೇಲೆ ಮತ್ತೆ ಐವತ್ತು ಅರವತ್ತು ಊರು ಓದಿದೆ. ಒಮ್ಮೆಯೂ ನಿಲ್ಲಲಿಲ್ಲ. ನಾನು ಹಿಂದಕ್ಕೆ ಬಂದು ನೋಡಿದೆ. ರಾಟೆ ನಿಂತ ಐದೂ ಒಂದೇ ಹಾಳೆಯಲ್ಲಿದ್ದವು. ಬೀಳಗಿಯ ದಾರಿಯಲ್ಲಿ ಕೃಷ್ಣೆಯ ದಂಡೆಗಿರುವ ಏಳು ಸಣ್ಣ ಊರು, ವಸ್ತಿಗಳ ಹಾಳೆ ಅದು. ಆ ಏಳರಲ್ಲಿ ಐದಕ್ಕೆ ನಿಂತಿತ್ತು. ಆಗ ಇನ್ನೊಂದನ್ನೂ ಗಮನಿಸಿದೆ. ಆ ಐದರಲ್ಲಿ ಒಂದರಿಂದ ಶುರುವಾಗುವ ಸಂಖ್ಯೆ ಒಂದೂ ಇರಲಿಲ್ಲ. ಐದು, ಆರು, ಏಳು, ಎಂಟು ಇಂಥವೇ ಮೊದಲಿಗಿದ್ದವು. ಕೆಳಗೆ ಎಣಿಸಿದವರ ಸಹಿ ನೋಡಿದೆ. ಶಿವಲಿಂಗಪ್ಪ ಮಾಸ್ತರು.

ಶಿವಲಿಂಗಪ್ಪ ಮಾಸ್ತರು ನನಗೆ ಲೆಕ್ಕ ಕಲಿಸಿದವರು. ಬನಹಟ್ಟಿಯಲ್ಲಿದ್ದಾಗ ನನ್ನನ್ನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಗೆ ತಮ್ಮ ಮನೆಯಲ್ಲೇ ಕೂರಿಸಿ ಓದಿಸಿದರು. ಅವರ ಹೆಂಡತಿ ಗೌರವ್ವ ಎಷ್ಟೋ ಸಲ ಊಟ ಹಾಕಿದ್ದಾರೆ. ಮೈದುಂಬುವವರನ್ನು ಕಂಡು ನಗುವುದನ್ನು ನಾನು ಕಲಿತದ್ದೂ ಮಾಸ್ತರರಿಂದಲೇ. ಆಮೇಲೆ ಅವರಿಗೆ ಹೊಳೆದಂಡೆಯ ಊರಿಗೆ ಬದಲಿಯಾಯಿತು, ನಾಲ್ಕೈದು ವರ್ಷ ನೋಡಿರಲಿಲ್ಲ. ಅಂಥವರು ಎಣಿಸದೆ ಬರೆದರೆಂದರೆ ನಾನು ನಂಬುವುದು ಸಾಧ್ಯವಿರಲಿಲ್ಲ. ಅದಕ್ಕೇ ನೀಲವ್ವನನ್ನು ಸುಳ್ಳು ಮಾಡಬೇಕೆಂದು ಹೊರಟೆ.

ಒಂದು ಕಾಗದದ ಮೇಲೆ ಇಪ್ಪತ್ತು ಸಂಖ್ಯೆ ಬರೆದೆ. ಹದಿಮೂರು ಮುಧೋಳ ಕಡೆಯ ಹಳ್ಳಿಗಳ ನಿಜವಾದವು, ಏಳು ನನ್ನ ತಲೆಯಿಂದ ಬಂದವು. ಮೊದಲ ಅಂಕಿಯಿಂದ ಅವಳಿಗೆ ಗೊತ್ತಾಗುತ್ತಿದ್ದರೆ ಆಗಲಿ ಎಂದು, ನನ್ನ ಏಳನ್ನೂ ಒಂದರಿಂದಲೇ ಶುರು ಮಾಡಿದೆ. ಸುಮ್ಮನೆ ಕೆಲಸದ ಧಾಟಿಯಲ್ಲೇ ಓದಿದೆ. ನನ್ನ ಏಳಕ್ಕೂ ರಾಟೆ ನಿಂತಿತು. ಉಳಿದ ಹದಿಮೂರಕ್ಕೆ ನಿಲ್ಲಲಿಲ್ಲ.

ನನ್ನ ದನಿಯಲ್ಲಿ ಏನಾದರೂ ವ್ಯತ್ಯಾಸವಾಗುತ್ತಿರಬೇಕು ಅನಿಸಿತು. ಸುಳ್ಳು ಓದುವಾಗ ನಾಲಿಗೆ ತಡವರಿಸುತ್ತದೆ, ಮುದುಕಿಗೆ ಅದು ತಿಳಿಯುತ್ತದೆ. ಮುಂದಿನ ರವಿವಾರ ಬರುವಾಗ ಹಳೆಯ ಭೂಗೋಳದ ಪುಸ್ತಕವೊಂದನ್ನು ತಂದೆ. ಅದರ ಕೊನೆಯಲ್ಲಿ ಜಗತ್ತಿನ ದೇಶಗಳ ಜನಸಂಖ್ಯೆಯ ಕೋಷ್ಟಕವಿತ್ತು. ಕಚೇರಿಯ ಗೆಳೆಯನೊಬ್ಬನಿಗೆ ಹೇಳಿ, ಅದರಿಂದ ಒಂದಿಷ್ಟು ಸಂಖ್ಯೆಗಳನ್ನೂ ಅವನದೇ ಕಲ್ಪನೆಯ ಒಂದಿಷ್ಟನ್ನೂ ಬೆರೆಸಿ ಪಟ್ಟಿ ಮಾಡಿಸಿಕೊಂಡಿದ್ದೆ. ಯಾವುದು ನಿಜ, ಯಾವುದು ಅಲ್ಲ ಎಂಬುದು ನನಗೂ ಗೊತ್ತಿರಲಿಲ್ಲ. ಲಕ್ಷ ಕೋಟಿಗಳ ಸಂಖ್ಯೆಗಳು. ನೀಲವ್ವ ದೇಶ ಎಂದರೆ ಘಟಪ್ರಭೆಯ ಆಚೆ ಎಂದು ತಿಳಿದವಳು. ನಾನು ಓದಿದೆ. ರಾಟೆ ನಿಂತಲ್ಲೆಲ್ಲ ಉಗುರಿನಿಂದ ಗೀರಿದೆ. ಮುಗಿದ ಮೇಲೆ ಪುಸ್ತಕ ತೆಗೆದು ಹೋಲಿಸಿದೆ. ಗೆಳೆಯನ ಕಲ್ಪನೆಯ ಒಂದೂ ತಪ್ಪಿಸಿಕೊಂಡಿರಲಿಲ್ಲ. ಆದರೆ ಪುಸ್ತಕದ ಒಂದು ನಿಜ ಸಂಖ್ಯೆಗೂ ರಾಟೆ ನಿಂತಿತ್ತು. ನಿಜ ಹೇಳುತ್ತೇನೆ, ನನಗೆ ಎಷ್ಟು ಸಮಾಧಾನವಾಯಿತೆಂದರೆ, ಜ್ವರ ಇಳಿದ ಹಾಗಾಯಿತು. ಮುದುಕಿಗೂ ತಪ್ಪುತ್ತದೆ. ಆಮೇಲೆ ಆ ದೇಶದ ಹೆಸರಿನ ಮುಂದೆ ಒಂದು ಸಣ್ಣ ನಕ್ಷತ್ರದ ಗುರುತಿರುವುದು ಕಂಡಿತು. ಪುಟದ ಅಡಿಗೆ ಇರುವೆಯಂಥ ಅಕ್ಷರದಲ್ಲಿ ಬರೆದಿತ್ತು: ಈ ದೇಶದಲ್ಲಿ ಜನಗಣತಿ ನಡೆದಿಲ್ಲ, ಇದು ಅಂದಾಜು.

ನಾನು ಪುಸ್ತಕ ಮುಚ್ಚಿಟ್ಟೆ. ನೀಲವ್ವ ನನ್ನನ್ನೇ ನೋಡುತ್ತಿದ್ದಳು.

“ನನ್ನ ಪರೀಕ್ಷಾ ಮಾಡಾಕತ್ತೀಯೇನು?”

“ಹೌದ ಆಯಿ. ನಿನಗ ಹೆಂಗ ಗೊತ್ತಾಕ್ಕತಿ?”

“ನನಗೇನ ಗೊತ್ತಾಕ್ಕತಿ? ಕೈ ನಿಲ್ಲತೈತಿ, ನಿಲ್ಲಸ್ತೇನಿ. ಇದನ್ನ ಯಾರ ಮುಂದೂ ಹೇಳಬ್ಯಾಡ ತಮ್ಮಾ. ನಾಳಿಂದ ಮಂದಿ ಬಂದ ಕಾಯಿ ಹಿಡಕೊಂಡ ಕುಂದರ್ತಾರ. ನನಗ ಕೆಲಸ ಐತಿ.”

ಹೇಳುವುದಿಲ್ಲ ಎಂದೆ. ಆ ಹಾಳೆಯನ್ನು ಮಾತ್ರ ಏನು ಮಾಡಬೇಕೋ ತಿಳಿಯಲಿಲ್ಲ. ನಕಲು ಮಾಡಿ ಕಳಿಸಿಬಿಟ್ಟರೆ ಯಾರೂ ಕೇಳುವವರಿರಲಿಲ್ಲ. ಮೇಲಿನವರಿಗೆ ಹೇಳಿದರೆ ಮಾಸ್ತರರ ಕೆಲಸ ಹೋಗುತ್ತದೆ, ಅದೂ ಕಂಡಿಕೆ ಸುತ್ತುವ ಮುದುಕಿಯ ಮಾತಿನ ಮೇಲೆ. ಆದರೆ ಆ ಐದು ಊರುಗಳ ಜನ ಇದ್ದಾರೋ ಇಲ್ಲವೋ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹೊಟ್ಟೆನೋವೆಂದು ಹೇಳಿ ನಾಲ್ಕು ದಿನ ರಜೆ ತೆಗೆದುಕೊಂಡೆ. ಬೀಳಗಿಗೆ ಹೋಗುವ ಮೋಟಾರು ಹತ್ತಿ, ನಡುವೆ ಇಳಿದು, ಜೋಳದ ಹೊಲಗಳ ನಡುವೆ ಎರಡು ಹರದಾರಿ ನಡೆದು ಮಾಸ್ತರರಿದ್ದ ಊರಿಗೆ ಹೋದೆ. ಊರಿನ ಹೆಸರು ಬೇಡ.

ಮಾಸ್ತರರು ಶಾಲೆಯ ಕಟ್ಟೆಯ ಮೇಲೆ ಕೂತಿದ್ದರು. ಗಡ್ಡ ಬೆಳೆದಿತ್ತು. ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಒಳಗೆ ಕರೆದೊಯ್ದು ತಾವೇ ಚಹಾ ಮಾಡಿಕೊಟ್ಟರು. ಗೌರವ್ವನವರೆಲ್ಲಿ ಎಂದು ನಾನು ಕೇಳುವ ಮೊದಲೇ ಒಲೆಯ ಹತ್ತಿರದ ಪಾತ್ರೆಗಳ ಸ್ಥಿತಿ ನೋಡಿ ನನಗೆ ತಿಳಿಯಿತು. ಫೆಬ್ರುವರಿಯ ಕೊನೆಯ ವಾರದಲ್ಲಿ ತೀರಿಕೊಂಡಿದ್ದರು. ಹದಿನೈದು ದಿನ ಹಾಸಿಗೆ ಹಿಡಿದಿದ್ದರಂತೆ. ಮಕ್ಕಳಿರಲಿಲ್ಲ. ಮನೆಯಲ್ಲಿ ಈಗ ಮಾಸ್ತರರೊಬ್ಬರೇ.

ನಾನು ಬಂದ ಕಾರಣವನ್ನು ಅವರೇ ಕೇಳಿದರು.

“ಕಚೇರಿಯಿಂದ ಬಂದೀಯಲ್ಲ? ನನ್ನ ಹಾಳಿ ನೋಡಿದಿ?”

“ನೋಡಿದೆನ್ರಿ.”

“ಎರಡ ಊರು ಎಣಿಸಿದ್ದೆ. ಆಮ್ಯಾಲ ಆಕಿ ಮಲಗಿದ್ಲು. ಬಿಟ್ಟ ಹೋಗಾಕ ಆಗಲಿಲ್ಲ. ಉಳದ ಐದು ಇಲ್ಲೇ ಕುಂತ ಬರದೆ.” ಅವರು ಚಹಾದ ಬಟ್ಟಲನ್ನು ಕೆಳಗಿಟ್ಟರು. “ನಿನಗ ಲೆಕ್ಕಾ ಕಲಿಸಿದಾಂವ ನಾನು. ಹೋಗಿ ಬರೋಬ್ಬರಿ ವರದಿ ಮಾಡು. ನಾ ಏನೂ ಅನ್ನೂದಿಲ್ಲ.”

ಎಣಿಸಿದ ಎರಡು ಊರು ಯಾವುವೆಂದು ಕೇಳಿದೆ. ಹೇಳಿದರು. ಚೀಲದಲ್ಲಿದ್ದ ಹಾಳೆಯನ್ನು ತೆಗೆಯುವ ಅವಶ್ಯಕತೆ ಇರಲಿಲ್ಲ. ರಾಟೆ ನಿಲ್ಲದ ಎರಡು ಊರುಗಳು ಯಾವುವೆಂಬುದು ನನಗೆ ಬಾಯಿಪಾಠವಾಗಿತ್ತು. ಅವೇ ಅವು.

ವರದಿಯ ಮಾತು ಬೇಡ, ಎಣಿಸೋಣ ಎಂದೆ. ಮೂರು ದಿನ ಇಬ್ಬರೂ ತಿರುಗಿದೆವು. ಸುಗ್ಗಿಯ ಕಾಲ, ಜನ ಹೊಲದಲ್ಲಿದ್ದರು. ನಸುಕಿನಲ್ಲಿ ಹೋಗಿ ಹಿಡಿಯಬೇಕು, ಇಲ್ಲವೆ ರಾಶಿಯ ಕಣದಲ್ಲೇ ನಿಲ್ಲಿಸಿ ಕೇಳಬೇಕು. ಹುಟ್ಟಿದ ಕೂಸುಗಳನ್ನು ಮರೆಯುವವರು, ಗಂಡನ ಮನೆಗೆ ಹೋದ ಮಗಳನ್ನೂ ಸೇರಿಸುವವರು, ವಯಸ್ಸು ಕೇಳಿದರೆ ಪ್ಲೇಗು ಬಂದ ವರ್ಷದಿಂದ ಎಣಿಸುವವರು ಎಲ್ಲರೂ ಇದ್ದರು. ಒಂದು ವಸ್ತಿಯಲ್ಲಿ ಬೀರೇಶ್ವರನ ಒಕ್ಕಲಿನ ಕುರಿಗಾರರ ಮನೆಗಳಿದ್ದವು. ಗಂಡಸರು ಕುರಿಗಳೊಂದಿಗೆ ಹೊಳೆಯಾಚೆ ಹೋಗಿದ್ದರು, ಅಲ್ಲಿಗೂ ಹೋದೆವು. ಮಾಳಪ್ಪನೆಂಬ ಹಿರಿಯ ಕುರಿಗಾರ ನಮ್ಮ ಚೀಟಿಗಳ ಕಂತೆ ನೋಡಿ ಸೋಜಿಗಪಟ್ಟ. “ನಾವು ಎಣಿಸೂದಿಲ್ರಿ. ಸಂಜೀಕ ಹಿಂಡ ಒಳಗ ಬರೂವಾಗ ನೋಡತೀವಿ. ಒಂದ ಕಮ್ಮಿ ಇದ್ರ ಗೊತ್ತಾಕ್ಕತಿ,” ಎಂದ. ಹೇಗೆ ಗೊತ್ತಾಗುತ್ತದೆಂದು ಕೇಳಿದೆ. ಅವನು ನಕ್ಕು ಹಿಂಡಿನ ಕಡೆ ತಿರುಗಿದ. ನನಗೆ ಒಂದು ಎಳೆ ಸಿಕ್ಕಿತೆನಿಸಿತು. ಆದರೆ ಅವನು ಕಣ್ಣೆದುರಿನ ಕುರಿಗಳನ್ನು ನೋಡುತ್ತಿದ್ದ. ನೀಲವ್ವ ಯಾರನ್ನು ನೋಡಿದ್ದಳು?

ಕೊನೆಗೆ ಮಾಸ್ತರರು ವಾಸವಿದ್ದ ಊರು ಉಳಿಯಿತು. ಅದೂ ಆ ಐದರಲ್ಲಿ ಒಂದು. ಎಲ್ಲ ಮನೆ ಮುಗಿಸಿ ಅವರ ಮನೆಗೆ ಬಂದಾಗ, ಇದನ್ನು ನಾನೇ ಬರೆಯುತ್ತೇನೆ ಎಂದು ಅವರು ಒಳಗೆ ಹೋದರು. ನಾನು ಹೊರಗೆ ಕೂತೆ. ಒಬ್ಬರೇ ಇರುವ ಮನೆಯ ಚೀಟಿ ನೋಡುವುದೇನಿತ್ತು? ಅವರು ಕಂತೆ ಕಟ್ಟಿ, ಐದು ಊರುಗಳ ಹೊಸ ಮೊತ್ತ ಬರೆದುಕೊಟ್ಟರು. ಮೊದಲು ಬರೆದದ್ದಕ್ಕೂ ಇದಕ್ಕೂ ಅಜಗಜಾಂತರ. ಐದರಲ್ಲಿ ಎರಡು ಊರು ಈಗ ಒಂದರಿಂದ ಶುರುವಾಗುತ್ತಿದ್ದವು.

ರವಿವಾರ ನೀಲವ್ವನ ಕಟ್ಟೆಯ ಮೇಲೆ ಕೂತು ಬೇರೆ ಊರುಗಳ ನಡುವೆ ಈ ಐದನ್ನೂ ಸೇರಿಸಿ ಓದಿದೆ. ಒಂದು, ಎರಡು, ಮೂರು, ನಾಲ್ಕು ಊರು ಸಲೀಸಾಗಿ ದಾಟಿದವು. ಐದನೆಯದಕ್ಕೆ, ಮಾಸ್ತರರ ಊರಿಗೆ, ರಾಟೆ ನಿಂತಿತು. ನನಗೆ ಸಿಟ್ಟೇ ಬಂತು. ಆ ಊರಿನ ಒಂದೊಂದು ಮನೆಯ ಮುಂದೆ ನಾನೇ ನಿಂತಿದ್ದೆ.

“ಆಯಿ, ಇದನ್ನ ನಾನ ಎಣಿಸೀನಿ. ಖರೆ ಐತಿ.”

“ಎಣಿಸೀರಿ, ಸುಳ್ಳಲ್ಲ,” ಎಂದಳು. ಅವಳ ಮುಖದಲ್ಲಿ ಮೊದಲ ಸಲ ಏನೋ ಗಲಿಬಿಲಿ ಕಂಡೆ. ಎಳೆಯನ್ನು ಬೆರಳಿನ ನಡುವೆ ಹಿಡಿದೇ ಇದ್ದಳು. “ಆದರ ಒಬ್ಬಾಕಿ ಹೆಚ್ಚಿಗಿ ಅದಾಳ.”

ಆಗ ನಾನು ಆ ಮಾತನ್ನು ಗಮನಿಸಲಿಲ್ಲ. ಮರುದಿನ ಜಮಖಂಡಿಗೆ ಹೋಗುವ ಮೋಟಾರಿನಲ್ಲಿ, ದಾರಿಯ ನಡುವೆ ಎಲ್ಲೋ, ಥಟ್ಟನೆ ಹೊಳೆಯಿತು. ಒಬ್ಬರು ಎನ್ನಲಿಲ್ಲ, ಒಬ್ಬಾಕಿ ಎಂದಳು. ಮಾಸ್ತರರ ವಿಷಯವನ್ನಾಗಲಿ ಅವರ ಮನೆಯ ಸಾವನ್ನಾಗಲಿ ನಾನು ಅವಳಿಗೆ ಹೇಳಿರಲಿಲ್ಲ. ಹೊಳೆದಂಡೆಗೆ ಹೋಗಿದ್ದನ್ನು ನಮ್ಮ ಮನೆಯಲ್ಲಿಯೂ ಹೇಳಿರಲಿಲ್ಲ. ಕಚೇರಿಯಲ್ಲಿ ಕಂತೆ ಬಿಚ್ಚಿ, ಆ ಊರಿನ ಕೊನೆಯ ಚೀಟಿಗಳನ್ನು ತೆಗೆದೆ. ಮಾಸ್ತರರ ಚೀಟಿಯಲ್ಲಿ ‘ವಿವಾಹಿತ’ ಎಂದಿತ್ತು. ಅದರ ಕೆಳಗೆ ಇನ್ನೊಂದು ಚೀಟಿ. ಗೌರವ್ವ, ಗಂಡ ಶಿವಲಿಂಗಪ್ಪ. ವಯಸ್ಸು ಬರೆದಿದ್ದರು. ಓದು ಬರಹದ ಜಾಗದಲ್ಲಿ, ‘ಓದಲು ಬರುತ್ತದೆ, ಬರೆಯಲು ಬರುವುದಿಲ್ಲ’ ಎಂದು ತಮ್ಮ ಗುಂಡು ಅಕ್ಷರದಲ್ಲಿ ಬರೆದಿದ್ದರು.

ಒಬ್ಬ ಹೆಣ್ಣುಮಗಳು ಹೆಚ್ಚಾದರೆ ಸರ್ಕಾರಕ್ಕೆ ಏನೂ ಆಗುವುದಿಲ್ಲ. ಇದ್ದರೆ ಇರಲಿ ಎಂದು ಮೊದಲು ಅಂದುಕೊಂಡೆ. ಎರಡು ದಿನ ಚೀಟಿಯನ್ನು ಮೇಜಿನ ಖಾನೆಯಲ್ಲಿಟ್ಟುಕೊಂಡೆ. ಆದರೆ ಅದನ್ನು ತೆಗೆಯುವ ಹಕ್ಕೂ ಬಿಡುವ ಹಕ್ಕೂ ನನ್ನದಲ್ಲ ಅನಿಸಿತು. ಮತ್ತೆ ಹೊಟ್ಟೆನೋವಿನ ರಜೆ ಕೇಳಿದೆ. ಹಿರಿಯ ಗುಮಾಸ್ತರು, “ಡಾಕ್ಟರಿಗೆ ತೋರಸು,” ಎಂದು ಬೈದು ಒಂದು ದಿನ ಕೊಟ್ಟರು.

ಮಾಸ್ತರರ ಮುಂದೆ ಚೀಟಿ ಇಟ್ಟೆ. ಅವರು ಅದನ್ನು ಕೈಗೆತ್ತಿಕೊಂಡರು.

“ಬರೀಬಾರದು ಅಂತ ಗೊತ್ತಿತ್ತೋ,” ಎಂದರು. “ಊರ ಮಂದೀನೆಲ್ಲಾ ಬರದು ಆಕೀನ ಬಿಡೂದು ಕೈಲಿ ಆಗಲಿಲ್ಲ. ನೀ ಹೊರಗ ಕುಂತಿದ್ದಿ. ನೋಡೂದಿಲ್ಲ ಅನಕೊಂಡೆ. ಯಾವಾಗ ನೋಡಿದಿ?”

“ನಾ ನೋಡಿಲ್ರಿ ಸರ್. ಮತ್ತೊಬ್ಬರು ಹೇಳಿದ್ರು.”

ಮಾತು ಕೊಟ್ಟಿದ್ದನ್ನು ನಾನು ಮುರಿದದ್ದು ಆ ಒಂದೇ ಸಲ. ನೀಲವ್ವನ ವಿಷಯ ಮೊದಲಿನಿಂದ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ, ನಿಜವಾಗಿ ಅವರು ನಗಲಿ ಎಂದೇ ಇತ್ತು. ಅವರು ನಗಲಿಲ್ಲ.

“ಆಕಿ ಏನಂದ್ಲು? ಬರೋಬ್ಬರಿ ಹೇಳು. ಇಲ್ಲ ಅಂದ್ಲೋ?”

“ಇಲ್ರಿ. ‘ಒಬ್ಬಾಕಿ ಹೆಚ್ಚಿಗಿ ಅದಾಳ’ ಅಂದ್ಲು.”

“ಅದಾಳ ಅಂದ್ಲು.”

“ಹೌದ್ರಿ.”

ಅವರು ಬಾಗಿಲ ಹೊರಗೆ ನೋಡುತ್ತ ಕೂತರು. ಹೊರಗೆ ಯಾರೂ ಇರಲಿಲ್ಲ, ಬಿಸಿಲಿತ್ತು. ಆ ಒಂದು ಮಾತನ್ನು ಅವರು ಹೇಗೆ ತೆಗೆದುಕೊಂಡರೋ ನಾನು ಕೇಳಲಿಲ್ಲ. ಮೈಮೇಲೆ ಬರುವ ದೇವರನ್ನು ಕಂಡು ನಗುವುದನ್ನು ನನಗೆ ಕಲಿಸಿದ ಮನುಷ್ಯನ ಮುಖ ಎಷ್ಟೋ ದಿನಗಳ ಮೇಲೆ ನಿದ್ದೆ ಬಂದವರ ಮುಖದಂತೆ ಸಡಿಲವಾಗಿತ್ತು. ಆಮೇಲೆ ಟಾಕು ಕೇಳಿದರು. ಗೌರವ್ವನವರ ಚೀಟಿಯ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದು ಸಹಿ ಮಾಡಿದರು. ತಮ್ಮ ಚೀಟಿಯಲ್ಲಿ ‘ವಿವಾಹಿತ’ ಹೊಡೆದು ‘ವಿಧುರ’ ಎಂದು ಬರೆದರು. ಏಳರಲ್ಲಿ ಮುಗಿಯುತ್ತಿದ್ದ ಆ ಊರಿನ ಮೊತ್ತ ಆರರಲ್ಲಿ ಮುಗಿಯಿತು.

ಆ ರವಿವಾರ ಅದನ್ನು ನೀಲವ್ವನಿಗೆ ಓದಿದೆ. ರಾಟೆ ತಿರುಗುತ್ತಲೇ ಇತ್ತು. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಓದಿದೆ.

“ಓದಿದ್ದನ್ನ ಎಷ್ಟ ಸರೆ ಓದತಿ?” ಎಂದಳು. “ಮುಂದಿಂದ ಓದು.”

ನನ್ನ ತಾತ್ಕಾಲಿಕ ಕೆಲಸ ಮಳೆಗಾಲದ ಹೊತ್ತಿಗೆ ಮುಗಿಯಿತು. ಮುಂದೆ ನಾನೂ ಮಾಸ್ತರನಾದೆ, ಬೇರೆ ಊರಿಗೆ ಹೋದೆ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರುವ ಮೊದಲೇ ನೀಲವ್ವ ತೀರಿಕೊಂಡಳು. ಶಿವಲಿಂಗಪ್ಪ ಮಾಸ್ತರರು ನಿವೃತ್ತರಾಗುವ ತನಕ ಆ ಹೊಳೆದಂಡೆಯ ಊರಲ್ಲೇ ಇದ್ದರು. ಸಿಕ್ಕಾಗ ಎಲ್ಲ ಮಾತಾಡುತ್ತಿದ್ದೆವು, ಅದೊಂದನ್ನು ಬಿಟ್ಟು.

ಬಹಳ ವರ್ಷಗಳ ನಂತರ ವಿಜಾಪುರದ ಒಂದು ವಾಚನಾಲಯದಲ್ಲಿ ಗಣಿತದ ಪತ್ರಿಕೆಯೊಂದು ಕೈಗೆ ಸಿಕ್ಕಿತು. ನಾನು ಇಪ್ಪತ್ತರ ಹರೆಯದಲ್ಲಿ ಟಾಕಿನ ತುದಿಯಲ್ಲಿ ಕಂಡದ್ದು ಅದರಲ್ಲಿ ಅಚ್ಚಾಗಿತ್ತು. ಊರುಗಳ, ದೇಶಗಳ ಜನಸಂಖ್ಯೆಯಲ್ಲಿ ಹತ್ತಕ್ಕೆ ಮೂರು ಸಂಖ್ಯೆಗಳು ಒಂದರಿಂದಲೇ ಶುರುವಾಗುತ್ತವಂತೆ. ಒಂಬತ್ತರಿಂದ ಶುರುವಾಗುವವು ಇಪ್ಪತ್ತಕ್ಕೆ ಒಂದೂ ಇಲ್ಲವಂತೆ. ಕಾರಣವನ್ನೂ ಚೆನ್ನಾಗಿ ಹೇಳಿದ್ದರು. ಸಾವಿರ ಜನರ ಊರು ಎರಡು ಸಾವಿರವಾಗಬೇಕಾದರೆ ಪೂರ್ತಿ ಇಮ್ಮಡಿಯಾಗಬೇಕು. ಅಲ್ಲಿಯ ತನಕ ಅದರ ಮೊದಲ ಅಂಕಿ ಒಂದೇ ಆಗಿರುತ್ತದೆ. ಒಂಬತ್ತು ಸಾವಿರದ್ದು ಹತ್ತಾಗಲು ಸ್ವಲ್ಪವೇ ಬೆಳೆದರೆ ಸಾಕು. ಬೆಳೆಯುವ ವಸ್ತು ಒಂದರಲ್ಲಿ ಹೆಚ್ಚು ಕಾಲ ತಂಗುತ್ತದೆ, ಒಂಬತ್ತನ್ನು ಬೇಗ ದಾಟುತ್ತದೆ. ಮನುಷ್ಯ ಕುಳಿತು ಸುಳ್ಳು ಸಂಖ್ಯೆ ಬರೆದರೆ ಇದು ಅವನಿಗೆ ಹೊಳೆಯುವುದಿಲ್ಲ, ಅಂಕಿಗಳನ್ನು ಸಮನಾಗಿ ಹಂಚಿಬಿಡುತ್ತಾನೆ. ಓದಿ ನನಗೆ ಎಂಥ ಸಂತೋಷವಾಯಿತೆಂದು ಹೇಳಲಾರೆ. ಮಾಸ್ತರರ ಮೊದಲ ಹಾಳೆ ನನ್ನ ಕಣ್ಣಿಗೇ ಏಕೆ ಅಷ್ಟು ಬೇರೆಯಾಗಿ ಕಂಡಿತೆಂಬುದು ತಿಳಿಯಿತು. ನೀಲವ್ವನ ಕಿವಿಗೂ ಇಂಥದೇ ಏನೋ ಬಿದ್ದಿರಬೇಕು, ದಿನಗಟ್ಟಲೆ ಕೇಳಿ ಕೇಳಿ ರೂಢಿಯಾಗಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾನು ಒಂದರಿಂದ ಶುರು ಮಾಡಿದ ಸುಳ್ಳುಗಳನ್ನೂ ಅವಳು ಹಿಡಿದಳಲ್ಲ ಎಂಬುದನ್ನು ಆ ದಿನದ ಮಟ್ಟಿಗೆ ಪಕ್ಕಕ್ಕಿಟ್ಟೆ.

ಆದರೆ ಆ ಲೇಖನದ ಕೊನೆಯಲ್ಲಿ ಇನ್ನೊಂದು ಮಾತಿತ್ತು. ಸಂಖ್ಯೆಯ ಎಡತುದಿಯ ಅಂಕಿಗೆ ಇಷ್ಟು ಗಟ್ಟಿಯಾದ ನಿಯಮವಿದೆ. ಬಲಕ್ಕೆ ಸರಿದಂತೆ ಅದು ಸಡಿಲಾಗುತ್ತದೆ. ಬಲತುದಿಯ ಅಂಕಿಗೆ ಯಾವ ನಿಯಮವೂ ಇಲ್ಲ, ಅಲ್ಲಿ ಮಾಸ್ತರರ ಊರಿನ ಮೊತ್ತದಂತೆ ಏಳು ಬಂದರೂ ಒಂದೇ, ಆರು ಬಂದರೂ ಒಂದೇ, ಅದನ್ನು ನೋಡಿ ಯಾರೂ ಏನನ್ನೂ ಹೇಳಲಾರರು.